ರಿಲೇಯ ಗುರುತು

ತಂದೆಯವರು ಬಿಟ್ಟುಹೋದ ಹಳೆಯ ಇಂಗ್ಲಿಷ್ ಕಾರಿಗೆ ಹೊಸ ವೈರು ಎಳೆಯಹೊರಟು, ಚೀಟಿ ಕಟ್ಟದೆಯೇ ಹಾರನ್ನಿನ ರಿಲೇಯ ತಂತಿಗಳನ್ನೆಲ್ಲ ಬಿಚ್ಚಿಬಿಟ್ಟೆ. ಅನ್ವಯ ತಿಳಿಯುವ ಮುನ್ನ ಪದವಿಭಾಗ ಮಾಡಿದ ಪಂಡಿತನ ಪಾಡು! ಎಂಜಿನ್ನಿನ ಕಾವಿಗೂ ಎಣ್ಣೆಗೂ ಕಂದು, ನೇರಿಳೆ, ಕಪ್ಪು ಎಲ್ಲ ಒಂದೇ ಆಗಿದ್ದವು. ಲ್ಯೂಕಾಸ್ ಪದ್ಧತಿಯಲ್ಲಿ ಕಂದು ತಂತಿ ಬ್ಯಾಟರಿಯಿಂದ ಫ್ಯೂಸಿಲ್ಲದೆ ಬರುತ್ತದೆ, ಕಪ್ಪು ಅರ್ತಿನದು. ಇವೆರಡು ಕೂಡಿದರೆ ತಂತಿಯೇ ಹೊತ್ತಿಕೊಂಡೀತು. ಮೊದಲು ಬ್ಯಾಟರಿ ಕಳಚಿದೆ. ತಂತಿಗಳಿಗೆ ಸುತ್ತಿದ್ದ ಪಟ್ಟಿಯನ್ನು ಬಿಡಿಸಿದರೆ, ಒಳಗೆ ಮೂಲ ಬಣ್ಣ ಇನ್ನೂ ಉಳಿದಿತ್ತು.

ರಿಲೇಯ ಮೈಮೇಲೆ ಡಬ್ಲ್ಯೂ1, ಡಬ್ಲ್ಯೂ2, ಸಿ1, ಸಿ2 ಎಂಬ ಗುರುತುಗಳಿದ್ದವು. ಮೀಟರು ಹಿಡಿದಾಗ ಡಬ್ಲ್ಯೂ ಜೋಡಿಯಲ್ಲಿ ಸುರುಳಿಯ ರೋಧ ಕಂಡಿತು. ಸಿ ಜೋಡಿಯಲ್ಲಿ ಸಂಪರ್ಕವೇ ಇಲ್ಲ. ರಿಲೇಯನ್ನು ಹೊರತೆಗೆದು ಸುರುಳಿಗೆ 12 ವೋಲ್ಟು ಕೊಟ್ಟೊಡನೆ ‘ಟಕ್’ ಎಂದು ಸಿ ಜೋಡಿ ಕೂಡಿತು. ಹಾರನ್ ಗುಂಡಿಯ ತಂತಿ ಸುರುಳಿಯದು, ಹಾರನ್ನಿಗೆ ಹೋಗುವುದು ಸಿ ಜೋಡಿಯದು. ಒಂದೊಂದಕ್ಕೂ ಚೀಟಿ ಕಟ್ಟಿದ ಮೇಲೆಯೇ ಹೊಸ ವೈರಿಗೆ ಕೈಹಚ್ಚಿದೆ.