ಖಾಲಿ ಕುಳಿಯ ಸಾಕ್ಷ್ಯ

ಮೂಳೆಯ ಕುಳಿ ತುಂಬುವ ವಸ್ತುಗಳ ಚರಿತ್ರೆಯನ್ನು ಹೇಳುತ್ತ ಕೂರುವುದಿಲ್ಲ. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವರದಿ ಪ್ರಕಟಿಸಿದರು. ಅದೇ ವಸ್ತು, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಈಗ ಆ್ಯಂಟಿಬಯಾಟಿಕ್ ಬೆರೆಸಿದ ಮಣಿಗಳಾಗಿ ಆಪರೇಷನ್ ಥಿಯೇಟರಿಗೆ ಮರಳಿದೆ. ನನ್ನ ತಕರಾರು ಒಂದೇ: ಅದು ಕೆಲಸ ಮಾಡಿತೆಂದು ತೀರ್ಮಾನಿಸುವುದು ಹೇಗೆ?

ಅಡಿಕೆ ಮರದಿಂದ ಬಿದ್ದ ಕೊನೆಗಾರರನ್ನು, ಮುರಿದ ಕಾಲಿನಲ್ಲಿ ವರ್ಷಗಟ್ಟಲೆ ಕೀವು ಸೋರುವವರನ್ನು ಮಲೆನಾಡಿನ ನಾವೆಲ್ಲ ಕಂಡಿದ್ದೇವೆ. ಸತ್ತ ಮೂಳೆಯನ್ನು ಕೆರೆದು ತೆಗೆದರೆ ಕುಳಿ ಉಳಿಯುತ್ತದೆ. ಹಾಗೇ ಬಿಟ್ಟರೆ ಅಲ್ಲಿ ರಕ್ತ ನಿಂತು ರೋಗಾಣು ಮತ್ತೆ ಬೆಳೆಯಬಹುದು. ಹಿಂದಿನ ಅಕ್ರಿಲಿಕ್ ಸಿಮೆಂಟಿನ ಮಣಿ ಕರಗುವುದಿಲ್ಲ. ತೆಗೆಯಲು ಸಾಮಾನ್ಯವಾಗಿ ಇನ್ನೊಂದು ಆಪರೇಷನ್ ಬೇಕು. ಹೊಸನಗರದ ಕೂಲಿಯವನಿಗೆ ಅದೆಂದರೆ ಮತ್ತೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡು, ಮತ್ತೆ ಕೂಲಿ ನಷ್ಟ. ಕರಗುವ ಮಣಿಯನ್ನು ನಾನು ಮನಸಾರೆ ಸ್ವಾಗತಿಸುವುದು ಅದಕ್ಕೇ.

ಆದರೆ ಕಾಂಕ್ರೀಟ್ ಗಟ್ಟಿಯಾಗುವ ಮುಂಚೆ ಸೆಂಟ್ರಿಂಗ್ ಬಿಚ್ಚಿದರೆ ತಾರಸಿಯ ಗತಿಯೇನು? ಕ್ಯಾಲ್ಸಿಯಂ ಸಲ್ಫೇಟ್ ಕೆಲವೇ ವಾರಗಳಲ್ಲಿ ಕರಗುತ್ತದೆ, ಮೂಳೆಗೆ ತಿಂಗಳುಗಳು ಬೇಕು. ಕುಳಿ ತುಂಬುವ ಇನ್ನೊಂದು ವಸ್ತು ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಅದೂ ಬಿಳಿ, ಮೂಳೆಯೂ ಬಿಳಿ.

ನನಗೆ ಪೆಥಾಲಜಿ ಕಲಿಸಿದ ಮೇಷ್ಟ್ರು ಎಕ್ಸ್‌ರೇ ಹಿಡಿದು ಬಂದವರನ್ನೆಲ್ಲ ‘ಸ್ಲೈಡ್ ಎಲ್ಲಿ?’ ಎಂದೇ ಕೇಳುತ್ತಿದ್ದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು ಅವರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಉಕ್ಕಿನ ತುಂಡನ್ನು ಕತ್ತರಿಸಿ, ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದಡಿ ನೋಡದೆ ಅದರ ಒಳಗುಣ ಹೇಳಬಾರದು ಎಂಬ ಶಿಸ್ತು ಅವರಿಗೆ ಬಾಲ್ಯದಲ್ಲೇ ಬಂದಿತ್ತು. ಅದನ್ನೇ ನಮಗೂ ದಾಟಿಸಿದರು.

ಪ್ರಾಣಿಗಳಲ್ಲಿ ಈ ಶಿಸ್ತು ಸಾಧ್ಯ. ವೈದ್ಯಕೀಯ ಸಾಧನಗಳ ಜೈವಿಕ ಪರೀಕ್ಷೆಯ ಮಾನದಂಡವಾದ ಐಎಸ್‌ಒ 10993ರ 6ನೇ ಭಾಗದ ಪ್ರಕಾರ, ವಸ್ತು ಕರಗುವ ವೇಗಕ್ಕೆ ತಕ್ಕ ಹಂತಗಳಲ್ಲಿ ಸುತ್ತಲಿನ ಅಂಗಾಂಶವನ್ನು ಪರೀಕ್ಷಿಸಬೇಕು. ನಾನು ಪಟ್ಟುಹಿಡಿದು ಕೇಳುವುದು ಇನ್ನೊಂದನ್ನು: ಅದೇ ಅಳತೆಯ ಖಾಲಿ ಕುಳಿ ಎಲ್ಲಿದೆ? ಮೊಲದ ತೊಡೆಮೂಳೆಯಲ್ಲಿ ಕೊರೆದ ಕುಳಿ ಚಿಕ್ಕದಾಗಿದ್ದರೆ ಏನೂ ತುಂಬದೆಯೂ ಮೂಳೆ ಬೆಳೆಯುತ್ತದೆ. ಹೋಲಿಸಲು ಖಾಲಿ ಕುಳಿಯಿಲ್ಲದಿದ್ದರೆ, ಶರೀರ ತಾನೇ ಮಾಡಿದ ಕೆಲಸದ ಕೀರ್ತಿ ವಸ್ತುವಿಗೆ ಹೋಗುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ ನನ್ನ ಪಟ್ಟು ಸಡಿಲವಾಗುತ್ತದೆ. ಕೀವಾದ ಕಾಲಿನಲ್ಲಿ ಕುಳಿಯನ್ನು ಖಾಲಿ ಬಿಡಿ ಎನ್ನಲಾರೆ. ಗುಣವಾದ ಕಾಲನ್ನು ಸ್ಲೈಡಿಗಾಗಿ ಮತ್ತೆ ಕೊರೆಯಿರಿ ಎನ್ನಲೂ ಬಾಯಿ ಬಾರದು. ಮಣಿ ಕರಗುವಾಗ ಗಾಯದಿಂದ ನೀರು ಸೋರುವುದುಂಟು. ಅದನ್ನು ಸೋಂಕೆಂದು ತಿಳಿದರೆ ಒಳ್ಳೆಯ ವಸ್ತುವೂ ಸೋತಂತೆ ಕಾಣುತ್ತದೆ. ಹಾಗಾದರೆ ನಾವು ನೆಚ್ಚಬೇಕಾದ್ದು ಯಾವುದನ್ನು? ನೋವಿಲ್ಲದೆ ನಡೆದಾಡಿದ ವರ್ಷಗಳನ್ನೇ? ಕೀವು ನಿಂತಿತು, ಕುಳಿ ಮಾತ್ರ ತುಂಬಲಿಲ್ಲ ಎನ್ನಿ. ಆಗ ಆ ವಸ್ತು ಪಾಸೋ, ಫೇಲೋ? ಮೂಳೆ ಡಾಕ್ಟರಾದ ನನ್ನ ಗೆಳೆಯರು ಪಾಸು ಎನ್ನುತ್ತಾರೆ. ನಡೆಯುವ ರೋಗಿಯನ್ನು ಕಂಡಾಗ ನಾನೂ ತಲೆಯಾಡಿಸುತ್ತೇನೆ, ವರದಿಗೆ ಸಹಿ ಹಾಕಲು ಮಾತ್ರ ಕೈ ಏಳುವುದಿಲ್ಲ. ನೀವಾದರೆ ಹಾಕುತ್ತೀರಾ?