ಲೆಡ್ಜರು ಒಂದು, ಪ್ರತಿ ಹಲವು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕವಿಗಳೂ ಪಂಡಿತರೂ ಮಾತನಾಡುವ ಈ ವೇದಿಕೆಯಲ್ಲಿ ಬ್ಯಾಂಕಿನ ಗುಮಾಸ್ತರಾದ ನಮಗೇನು ಕೆಲಸವೆಂದು ತಾವು ಕೇಳಬಹುದು. ಚಂದಾ ಕೂಡಿಸಲು ಹೋದಾಗ ಸದಸ್ಯರೊಬ್ಬರು ನಮ್ಮನ್ನು ತಡೆದು, "ನಿಮ್ಮ ಫೋನು ಒಂದು ಶಿಲ್ಕು ತೋರಿಸುತ್ತದೆ, ಎ.ಟಿ.ಎಂ. ಮತ್ತೊಂದು ತೋರಿಸುತ್ತದೆ. ಯಾವುದು ನಿಜ?" ಎಂದರು. ನಮ್ಮ ಉತ್ತರ ಚಹಾ ಆರಿದರೂ ಮುಗಿಯಲಿಲ್ಲ. ಮಿಕ್ಕುದನ್ನು ಸಭೆಯಲ್ಲಿ ಹೇಳಿರೆಂದು ಕಾರ್ಯದರ್ಶಿಗಳ ಅಪ್ಪಣೆಯಾಯಿತು. ನಾವು ಓದಿದ್ದು ಬಿ.ಕಾಂ.; ಯಂತ್ರದ ಮಾತನ್ನು ಲೆಕ್ಕದ ಮಾತಿನಲ್ಲಿಯೇ ಹೇಳಬಲ್ಲೆವು.

ಹಿಂದೆ ಖಾತೆಯೆಂದರೆ ಶಾಖೆಯ ಲೆಡ್ಜರಿನಲ್ಲಿ ಒಂದು ಪುಟ. ಹುಬ್ಬಳ್ಳಿಯ ಖಾತೆಯ ಹಣ ಮುಂಬಯಿಯಲ್ಲಿ ಬೇಕಾದರೆ ಡ್ರಾಫ್ಟು ತೆಗೆಸಬೇಕಾಗಿತ್ತು. ಶಿಲ್ಕು ಕೇಳುವವರು ಕೌಂಟರಿನ ಮುಂದೆ ಸಾಲು ನಿಲ್ಲಬೇಕಾಗಿತ್ತು. ಪಾಸ್‌ಬುಕ್ಕು ಆ ಪುಟದ ಪ್ರತಿ. ಬರೆಸಿಕೊಂಡ ದಿನಕ್ಕೆ ಸರಿ, ಮರುದಿನಕ್ಕೆ ಹಳತು. ಆದರೂ ಅದನ್ನು ಯಾರೂ ಮೋಸವೆನ್ನಲಿಲ್ಲ. ಅದರಲ್ಲಿ ತಾರೀಖು ಇರುತ್ತಿತ್ತು.

ಈಗ ಲೆಡ್ಜರು ಕಂಪ್ಯೂಟರಿನಲ್ಲಿದೆ. ಅದೂ ಒಂದರಲ್ಲಿ ಅಲ್ಲ, ಬೇರೆ ಬೇರೆ ಊರುಗಳಲ್ಲಿರುವ ಹಲವಾರು ಕಂಪ್ಯೂಟರುಗಳಲ್ಲಿ. ಇದಕ್ಕೆ ಹಂಚಿದ ಡೇಟಾಬೇಸು ಎನ್ನುತ್ತಾರೆ. ಒಮ್ಮೆ ಹಣ ಕಟ್ಟಿದವರು ಹತ್ತು ಸಲ ಶಿಲ್ಕು ನೋಡುತ್ತಾರೆಂಬುದು ಕೌಂಟರಿನಲ್ಲಿ ಕುಳಿತ ಯಾರಿಗೂ ಗೊತ್ತು. ಆದುದರಿಂದ ಬರೆಯುವುದಕ್ಕಿಂತ ಓದುವುದನ್ನು ಚುರುಕುಗೊಳಿಸುವುದರಲ್ಲಿಯೇ ಹೆಚ್ಚಿನ ಜಾಣ್ಮೆ ಖರ್ಚಾಗುತ್ತದೆ. ಖಾತೆಯ ಸಂಖ್ಯೆಯಿಂದ ಪುಟವನ್ನು ಹುಡುಕಲು ಸೂಚಿ ಇಡುವುದು, ದಪ್ಪ ಲೆಡ್ಜರನ್ನು ಸಂಖ್ಯೆಗನುಸಾರ ಹತ್ತಾರು ಯಂತ್ರಗಳಿಗೆ ಹಂಚುವುದು, ಇವು ನಮ್ಮ ಹಳೆಯ ಹೆಡ್ ಕ್ಲಾರ್ಕರಿಗೂ ಗೊತ್ತಿದ್ದ ಉಪಾಯಗಳೇ. ಪದೇ ಪದೇ ಕೇಳುವ ಉತ್ತರವನ್ನು ಕೈಗೆಟಕುವಲ್ಲಿ ನೆನಪಿಟ್ಟುಕೊಳ್ಳುವುದು ಇನ್ನೊಂದು. ಇದನ್ನೂ ಇಂಗ್ಲಿಷಿನಲ್ಲಿ 'ಕ್ಯಾಶ್' ಎನ್ನುತ್ತಾರೆ. ನಮ್ಮ ಕೌಂಟರಿನ ಕ್ಯಾಶಿಗೂ ಅದಕ್ಕೂ ನಂಟಿಲ್ಲ, ಕಾಗುಣಿತವೂ ಬೇರೆ.

ಆದರೆ ದೂರವೆಂಬುದೊಂದಿದೆಯಲ್ಲ! ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಮುಂಬಯಿಗೂ ಚೆನ್ನೈಗೂ ನೇರ ಗೆರೆಯಲ್ಲಿ ಸುಮಾರು 1,000 ಕಿಲೋಮೀಟರು. ಹೋಗಿ ಬರುವುದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗವಾದರೂ ಬೇಕು. ಎಷ್ಟು ಬೆಲೆಯ ಯಂತ್ರ ತಂದರೂ ಇದು ತಗ್ಗದು. ಅಷ್ಟೇ ತಾನೆ ಎನ್ನಬೇಡಿ. ಒಂದು ಪರದೆ ತೆರೆಯಲು ಐವತ್ತು ಪ್ರಶ್ನೆಗಳನ್ನು ಒಂದರ ಹಿಂದೊಂದರಂತೆ ಕಳುಹಿಸಿದರೆ ಅರ್ಧ ಸೆಕೆಂಡು ದಾರಿಯಲ್ಲಿಯೇ ಕಳೆಯಿತು. ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೇಳುವುದು ಒಂದು ದಾರಿ. ಲೆಡ್ಜರಿನ ಪ್ರತಿಯನ್ನೇ ಓದುವವರ ಊರಿಗೆ ತಂದಿಡುವುದು ಇನ್ನೊಂದು. ತೊಡಕು ಹುಟ್ಟುವುದು ಇಲ್ಲಿಯೇ. ಬರೆಯುವುದು ಮೂಲದಲ್ಲಿ, ಪ್ರತಿಗಳು ಹಿಂದಿನಿಂದ ನಕಲು ಮಾಡಿಕೊಳ್ಳುತ್ತ ಬರುತ್ತವೆ. ಕೆಲಸ ಹೆಚ್ಚಿದ ದಿನ ಅವು ನಿಮಿಷಗಟ್ಟಲೆ ಹಿಂದೆ ಬೀಳುವುದುಂಟು.

ಒಮ್ಮೆ ವಿಜಯಪುರದ ಕಡೆಯ ತಾಯಿಯೊಬ್ಬರು ಮಗನ ಕಾಲೇಜಿನ ಶುಲ್ಕದ ಹಣವನ್ನು ನಮ್ಮ ಮುಂದೆಯೇ ಕಟ್ಟಿದರು. ಅಂದು ಸಂಜೆ ಐದಕ್ಕೆ ಗಡುವು. ಹೊರಗೆ ಹೋದವರು ಫೋನು ಹಿಡಿದು ಮರಳಿ ಬಂದು, "ಈಗ ಕಟ್ಟೀನಲ್ಲ ಸಾಹೇಬ್ರ, ಇದರಾಗ ಕಾಣವಲ್ದು," ಎಂದರು. "ಬರುತ್ತದಮ್ಮ, ಸ್ವಲ್ಪ ತಡೆಯಿರಿ" ಎಂದು ಹೇಳಿ ನಾವು ಮುಂದಿನವರ ಚೀಟಿಗೆ ಕೈ ಚಾಚಿದೆವು. ಅವರು ತಡೆಯಲಿಲ್ಲ. ತಡೆಯುವುದಾದರೂ ಹೇಗೆ? ನೆರೆಯವರಿಂದ ಬಡ್ಡಿಗೆ ಸಾಲ ತಂದು ಶುಲ್ಕ ಕಟ್ಟಿದರು. ಮೂಲದ ಲೆಡ್ಜರಿನಲ್ಲಿ ಅವರ ಹಣ ಆಗಲೇ ಜಮೆಯಾಗಿತ್ತು. ಫೋನಿನಿಂದ ಶುಲ್ಕ ಕಟ್ಟಿದ್ದರೆ ಅದು ಸಲ್ಲುತ್ತಿತ್ತು. ಪರದೆ ಓದಿದುದು ಹಿಂದುಳಿದ ಪ್ರತಿಯನ್ನು. ಇದು ನಮಗೆ ತಿಳಿದುದು ಮಾರನೆಯ ದಿನ, ಕಂಪ್ಯೂಟರು ವಿಭಾಗದ ಗೆಳೆಯರನ್ನು ಕೇಳಿದ ಮೇಲೆ. ನಮ್ಮ ಎದುರಿನ ಪರದೆಯಲ್ಲಿ ಅವರ ಖಾತೆಯನ್ನು ತೆರೆದು ತೋರಿಸಿದ್ದರೆ ಆ ಬಡ್ಡಿ ಉಳಿಯುತ್ತಿತ್ತು.

ಇದಕ್ಕೆ ಮದ್ದಿಲ್ಲವೆಂದಲ್ಲ. ಹಣ ಕಟ್ಟಿದವರಿಗೆ ಒಂದು ಕ್ರಮಸಂಖ್ಯೆ ದೊರೆಯುತ್ತದೆ. ಓದಲು ಬರುವಾಗ ಯಂತ್ರ ಆ ಸಂಖ್ಯೆಯನ್ನೂ ತರಲಿ. ಪ್ರತಿಯು "ನಾನಿನ್ನೂ ಅಲ್ಲಿಯವರೆಗೆ ಬರೆದುಕೊಂಡಿಲ್ಲ" ಎಂದಾದರೆ ಆ ಒಬ್ಬರನ್ನು ಮೂಲಕ್ಕೆ ಕಳುಹಿಸಿದರಾಯಿತು. ಉಳಿದ ಸಾವಿರ ಮಂದಿ ಹತ್ತಿರದಲ್ಲಿಯೇ ಓದಿಕೊಳ್ಳಬಹುದು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಗ್ಗದ, ನ್ಯಾಯವಾದ ಉಪಾಯ.

ಇನ್ನೊಂದು ವಿಧಾನವನ್ನು 1979ರಲ್ಲಿ ಡೇವಿಡ್ ಗಿಫರ್ಡ್ ಎಂಬವರು ವಿವರಿಸಿದರು. ಪ್ರತಿಗಳು ಮೂರಿದ್ದರೆ ಬರೆಯುವಾಗ ಎರಡರಲ್ಲಿ ಬರೆಯಬೇಕು, ಓದುವಾಗ ಎರಡನ್ನು ಕೇಳಬೇಕು. ಎರಡೂ ಎರಡೂ ನಾಲ್ಕು, ಇರುವ ಪ್ರತಿ ಮೂರೇ. ಆದುದರಿಂದ ಕೇಳಿದ ಎರಡರಲ್ಲಿ ಒಂದಾದರೂ ಹೊಸತನ್ನು ಬಲ್ಲುದಾಗಿರುತ್ತದೆ. ಅಮೆಜಾನಿನವರು 2007ರಲ್ಲಿ ತಮ್ಮ ಡೈನಮೋ ಎಂಬ ಏರ್ಪಾಡನ್ನು ವಿವರಿಸುವಾಗ ಮೂರು, ಎರಡು, ಎರಡು ಎಂಬ ಈ ಲೆಕ್ಕವನ್ನೇ ವಾಡಿಕೆಯದೆಂದು ಹೇಳಿದ್ದಾರೆ. ಆದರೆ ಇದರಲ್ಲಿ ಓದುವವನು ಎರಡನೆಯ ಉತ್ತರಕ್ಕಾಗಿ ಕಾಯಬೇಕು; ಒಂದನ್ನೇ ಕೇಳಿದರೆ ಬೇಗ, ಹಳತಾಗುವ ಭಯವೂ ಜೊತೆಗೆ.

ನಮಗೆ ಬಹಳ ಹಿಡಿಸಿದುದು 2012ರಲ್ಲಿ ಗೂಗಲಿನವರು ವಿವರಿಸಿದ ಸ್ಪ್ಯಾನರ್. ಅಣು ಗಡಿಯಾರಗಳನ್ನೂ ಜಿ.ಪಿ.ಎಸ್. ಅನ್ನೂ ಬಳಸಿ ಪ್ರತಿಯೊಂದು ಬರಹಕ್ಕೂ ಹೊತ್ತಿನ ಮುದ್ರೆ ಒತ್ತುತ್ತಾರೆ. "ಹತ್ತು ಸೆಕೆಂಡಿನ ಹಿಂದೆ ಲೆಕ್ಕ ಹೇಗಿತ್ತು?" ಎಂದು ಕೇಳಿದರೆ, ಅಲ್ಲಿಯವರೆಗಿನದನ್ನು ಪೂರ್ತಿ ಬರೆದುಕೊಂಡಿರುವ ಹತ್ತಿರದ ಪ್ರತಿ ಯಾವುದಾದರೂ, ದೂರದ ಮೂಲವನ್ನು ಕೇಳದೆಯೇ ಉತ್ತರ ಕೊಡಬಲ್ಲದು. ಹಳತೇ, ಆದರೆ ಎಷ್ಟು ಹಳತೆಂಬುದು ಗೊತ್ತಿರುವ ಹಳತು. ತಾರೀಖು ಹಾಕಿದ ಪಾಸ್‌ಬುಕ್ಕೇ ಅಲ್ಲವೆ?

ಹೋದ ವರ್ಷದ ಬಡ್ಡಿಯ ಪತ್ರ, ಕಳೆದ ತಿಂಗಳ ಜಮಾಖರ್ಚು, ಇವನ್ನು ಯಾವ ಪ್ರತಿಯಿಂದ ಬೇಕಾದರೂ ಓದಲಿ. ಹಣ ಕೊಡಬೇಕೆ ಬೇಡವೆ ಎಂದು ನಿರ್ಧರಿಸುವಾಗ ಮಾತ್ರ ಮೂಲವನ್ನೇ ನೋಡಬೇಕು, ತಡವಾದರೂ ಚಿಂತೆಯಿಲ್ಲ. ಪರದೆಯ ಮೇಲೆ ಶಿಲ್ಕಿನ ಪಕ್ಕದಲ್ಲಿ ಅದು ಎಷ್ಟು ಗಂಟೆಯ ಲೆಕ್ಕವೆಂದು ಒಂದು ಸಾಲು ಬರೆಯಲು ಯಾವ ಹೊಸ ಯಂತ್ರವೂ ಬೇಕಾಗಿಲ್ಲ.

ಆ ತಾಯಿ ಈಗಲೂ ತಿಂಗಳಿಗೊಮ್ಮೆ ಪಾಸ್‌ಬುಕ್ಕು ಹಿಡಿದು ಬರುತ್ತಾರೆ. ಯಂತ್ರ ತಾರೀಖನ್ನಷ್ಟೇ ಅಚ್ಚು ಹಾಕುತ್ತದೆ. ಗಂಟೆಯನ್ನು ನಾವು ಪೆನ್ನಿನಿಂದ ಬರೆದುಕೊಡುತ್ತೇವೆ.