ನಾಲ್ಕನೆಯ ಸಾಲಿನ ಆಟಗಾರ

ಕೆನಡಾ ಮತ್ತು ಅಮೆರಿಕ ದೇಶಗಳಲ್ಲಿ ಐಸ್ ಹಾಕಿ ಬಹು ಜನಪ್ರಿಯವಾದ ಆಟ. ನಮ್ಮ ಮೈದಾನದ ಹಾಕಿಯಲ್ಲಿ ಒಂದು ಪಕ್ಷಕ್ಕೆ 11 ಮಂದಿಯಾದರೆ, ಅಲ್ಲಿ ಮಂಜುಗಡ್ಡೆಯ ಅಂಗಳದಲ್ಲಿ ಗೋಲ್‌ಕೀಪರನೂ ಸೇರಿ 6 ಮಂದಿ ಮಾತ್ರ. ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಸ್ಕೇಟುಗಳ ಮೇಲೆ ಜಾರುವ ಆ ವೇಗದಲ್ಲಿ ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಆಟಗಾರನಿಗೆ ಏದುಸಿರು ಬಂದಿರುತ್ತದೆ. ಅವನು ಬೆಂಚಿಗೆ ಹಿಂದಿರುಗುತ್ತಾನೆ. ಆಟ ನಡೆದಿರುವಂತೆಯೇ ಇನ್ನೊಬ್ಬನು ಇಳಿಯುತ್ತಾನೆ.

ಆದುದರಿಂದ ಅಲ್ಲಿನ ನ್ಯಾಷನಲ್ ಹಾಕಿ ಲೀಗಿನ ತಂಡಗಳು ಸಾಮಾನ್ಯವಾಗಿ 12 ಮಂದಿ ಫಾರ್ವರ್ಡುಗಳನ್ನು ಮೂವರಂತೆ ನಾಲ್ಕು ಸಾಲುಗಳಾಗಿ ವಿಂಗಡಿಸುತ್ತವೆ. ಮೊದಲೆರಡು ಸಾಲಿನವರು ಗೋಲು ಹೊಡೆಯುವವರು. ಹೆಸರು, ಹಣ, ಚಪ್ಪಾಳೆ ಎಲ್ಲವೂ ಅವರ ಪಾಲಿಗೆ. ಕೆಳಗಿನ ಸಾಲಿನವರ ಬೆಲೆಯನ್ನು ಕಟ್ಟುವುದು ಹೇಗೆ ಎಂಬುದೇ ಇಂದಿನ ವಿಚಾರ.

ಗೋಲುಗಳನ್ನು ಎಣಿಸಿದರಾಯಿತಲ್ಲ ಎನ್ನಬಹುದು. ಆದರೆ ಅಕ್ಕಿಯನ್ನು ಗಜದಿಂದಲೂ ಬಟ್ಟೆಯನ್ನು ಸೇರಿನಿಂದಲೂ ಅಳೆಯುವವರುಂಟೆ? 60 ನಿಮಿಷದ ಪಂದ್ಯದಲ್ಲಿ ಮೊದಲ ಸಾಲಿನವನಿಗೆ ಸುಮಾರು 20 ನಿಮಿಷ ದೊರೆತರೆ, ನಾಲ್ಕನೆಯ ಸಾಲಿನವನಿಗೆ ಸುಮಾರು 10. ಎಷ್ಟೋ ವೇಳೆ ಅವನು ಇಳಿಯುವುದು ತನ್ನ ಗೋಲಿನ ಬಳಿ, ಎದುರಾಳಿಯ ಒತ್ತಡ ಹೆಚ್ಚಿರುವಾಗ.

ಇದಕ್ಕಾಗಿ ಇನ್ನೊಂದು ಲೆಕ್ಕವಿದೆ. ಆಟಗಾರನು ಅಂಗಳದಲ್ಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡುವುದು, ಎದುರಾಳಿ ಹೊಡೆದರೆ ಒಂದು ಕಳೆಯುವುದು. ಆದರೆ ಗೋಲ್‌ಕೀಪರನ ತಪ್ಪಿಗೂ ಇವನ ಖಾತೆಯಲ್ಲಿ ಒಂದು ಕಳೆಯುತ್ತದೆ! ತಪ್ಪು ಮಾಡಿದ ಒಬ್ಬನನ್ನು 2 ನಿಮಿಷ ಹೊರಗೆ ಕೂರಿಸಿದಾಗ, ಉಳಿದವರು ಗೋಲು ಬಿಡದೆ ಕಾದ ಶ್ರಮವಂತೂ ಇದರಲ್ಲಿ ಕಾಣುವುದೇ ಇಲ್ಲ. ಈಚಿನವರು ಗುರಿತಪ್ಪಿದ ಮತ್ತು ತಡೆಯಲ್ಪಟ್ಟ ಹೊಡೆತಗಳನ್ನೂ ಸೇರಿಸಿ ಎಣಿಸುತ್ತಾರೆ. ಬಫಲೊ ತಂಡದ ಗೋಲ್‌ಕೀಪರುಗಳ ತರಬೇತುದಾರರಾಗಿದ್ದ ಜಿಮ್ ಕಾರ್ಸಿಯವರ ಹೆಸರು ಈ ಎಣಿಕೆಗೆ ಬಂದಿದೆ. ಇವನು ಆಡುವಾಗ ಪಕ್ ಯಾವ ಕಡೆ ಹೆಚ್ಚು ಹೊತ್ತು ಇತ್ತೆಂಬುದನ್ನು ಇದು ಸುಮಾರಾಗಿ ತಿಳಿಸುತ್ತದೆ.

ಒಂದು ನಿದರ್ಶನ. 2013ರ ಜೂನ್ 5ರಂದು ಬೋಸ್ಟನ್ ನಗರದಲ್ಲಿ ಪಿಟ್ಸ್‌ಬರ್ಗ್ ತಂಡದೊಡನೆ ಪಂದ್ಯ. ಬೋಸ್ಟನ್ನಿನ ನಾಲ್ಕನೆಯ ಸಾಲಿನ ಗ್ರೆಗರಿ ಕ್ಯಾಂಪ್‌ಬೆಲ್, ತನ್ನ ತಂಡಕ್ಕೆ ಒಬ್ಬ ಕಡಿಮೆಯಿದ್ದ ಹೊತ್ತಿನಲ್ಲಿ, ಎವ್ಗೆನಿ ಮಾಲ್ಕಿನ್ ಬಾರಿಸಿದ ಪಕ್ಕಿಗೆ ಅಡ್ಡಬಿದ್ದನು. ಬಲಗಾಲಿನ ಮೂಳೆ ಮುರಿಯಿತು. ಆದರೂ ಎದ್ದು, ಕುಂಟುತ್ತ, ಸುಮಾರು ಒಂದು ನಿಮಿಷ ಎದುರಾಳಿಯ ದಾರಿಗೆ ಕೋಲು ಚಾಚಿ ನಿಂತನು. ಗೋಲು ಬೀಳಲಿಲ್ಲ. ಪಂದ್ಯವು ಹೆಚ್ಚುವರಿ ವೇಳೆಗೆ ಹೋಗಿ, 2–1ರಿಂದ ಬೋಸ್ಟನ್ ಗೆದ್ದಿತು. ಗೋಲಿನ ಪಟ್ಟಿಯಲ್ಲಿ ಕ್ಯಾಂಪ್‌ಬೆಲ್ ಹೆಸರಿಲ್ಲ.

ಹಾಗೆಂದು ಧೈರ್ಯವೊಂದನ್ನೇ ಅಳತೆಗೋಲು ಮಾಡಿಕೊಳ್ಳುವುದೂ ಸರಿಯಲ್ಲ. ಸದಾ ಅಡ್ಡಬೀಳುವ ಪ್ರಸಂಗ ಬರುತ್ತಿದೆಯೆಂದರೆ ಪಕ್ ಸದಾ ಎದುರಾಳಿಯ ಬಳಿಯೇ ಇದೆ ಎಂದಲ್ಲವೆ? ಒಪ್ಪಿಸಿದ ಕೆಲಸವೇನು, ಯಾರ ಎದುರು, ಎಷ್ಟು ಹೊತ್ತು, ಅದನ್ನು ಎಷ್ಟರಮಟ್ಟಿಗೆ ನೆರವೇರಿಸಿದನು ಎಂಬ ಪ್ರಶ್ನೆಗಳನ್ನು ಒಟ್ಟಾಗಿ ಕೇಳಬೇಕು.

ಅದೇ ವರ್ಷದ ಅಂತಿಮ ಸರಣಿಯಲ್ಲಿ ಕ್ಯಾಂಪ್‌ಬೆಲ್ ಇಲ್ಲದೆ ಬೋಸ್ಟನ್ ತನ್ನ ಸಾಲುಗಳನ್ನು ಬದಲಿಸಿ ಜೋಡಿಸಬೇಕಾಯಿತು. ಜೂನ್ 24ರ ಪಂದ್ಯದಲ್ಲಿ ಕೊನೆಯ ಒಂದೂವರೆ ನಿಮಿಷದವರೆಗೂ ಅದು ಮುಂದಿತ್ತು. ಎದುರಾಳಿ ಚಿಕಾಗೊ 17 ಸೆಕೆಂಡುಗಳಲ್ಲಿ ಎರಡು ಗೋಲು ಹೊಡೆದು ಸ್ಟ್ಯಾನ್ಲಿ ಕಪ್ಪನ್ನು ಗೆದ್ದುಕೊಂಡಿತು. ಎರಡನೆಯದನ್ನು ಹೊಡೆದ ಡೇವ್ ಬೋಲಂಡ್, ಆಗ ಆ ತಂಡದ ಕೆಳಗಿನ ಸಾಲಿನ ಆಟಗಾರ!

ಕೆಳಗಿನ ಸಾಲಿನವರ ಕರಾರುಗಳು ಬಹುಮಟ್ಟಿಗೆ ಅಲ್ಪಾವಧಿಯವು. ಲೆಕ್ಕ ತಪ್ಪಿದರೆ ಕಡಿಮೆ ಸಂಬಳದ ಕಿರಿಯ ಲೀಗಿಗೆ ಇಳಿಯಬೇಕಾದೀತು. ಅವರನ್ನು ಸರಿಯಾಗಿ ಅಳೆಯುವುದು ತಂಡಕ್ಕೆ ಜಾಣತನ. ಆಟಗಾರನಿಗಾದರೋ ಅದು ಅನ್ನದ ಪ್ರಶ್ನೆ.